ಬಿದಿರಿನ ವಿಜಯನಗರ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಬಾವಿಯನ್ನು ಊರವರು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ತೋಡಿಸಿದ ಕಾಲಕ್ಕೆ ಅದಕ್ಕಿಟ್ಟ ಹೆಸರು ಪಂಪಾ ಸರೋವರ. ತಗಲಿದ ಖರ್ಚು 4,370 ರೂಪಾಯಿ 3 ಆಣೆ. ಸಾವಿರಗಟ್ಟಲೆ ಮಂದಿಯ ಉಣಿಸು, ವಸತಿ, ಸಭೆ, ಮೆರವಣಿಗೆಯ ಗಡಿಬಿಡಿಯ ನಡುವೆಯೂ ಆ ಮೂರು ಆಣೆ ಲೆಕ್ಕದ ಪುಸ್ತಕದಿಂದ ತಪ್ಪಿಸಿಕೊಳ್ಳಲಿಲ್ಲ. 1924ರ ಡಿಸೆಂಬರಿನ ಬೆಳಗಾವಿಯನ್ನು ನೆನೆಯುವವರು ಸಾಮಾನ್ಯವಾಗಿ ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ ಎಂಬಲ್ಲಿಂದ ಶುರುಮಾಡುತ್ತಾರೆ. ಅದು ಸರಿಯೇ. ಆದರೆ ನನ್ನ ಮನಸ್ಸು ಹೋಗುವುದು ಅಲ್ಲಿ ಇಳಿದುಕೊಂಡ ಅತಿಥಿಗಳ ಕಡೆಗೆ. ಅವರು ಎಲ್ಲಿ ಮಲಗಿದರು, ಯಾವ ನೀರು ಕುಡಿದರು, ಯಾರ ಪಕ್ಕ ಕೂತು ಉಂಡರು, ಅವರು ಎದ್ದುಹೋದ ಮೇಲೆ ನೆಲ ಗುಡಿಸಿದವರು ಯಾರು ಎಂಬ ಪ್ರಶ್ನೆಗಳ ಕಡೆಗೆ.

ಅದೇ ದಶಕದಲ್ಲಿ ಮೈಸೂರಿನಲ್ಲಿ ಇನ್ನೊಂದು ಅತಿಥಿಗೃಹ ಏಳುತ್ತಿತ್ತು. ಚಾಮುಂಡಿ ಬೆಟ್ಟದ ಬುಡದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿದ ಲಲಿತಮಹಲು, ವೈಸ್‌ರಾಯ್ ಬಂದರೆ ಇಳಿದುಕೊಳ್ಳಲೆಂದು ಕಟ್ಟಿಸಿದ ಅರಮನೆ. ಮುಂಬೈಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ ಅದನ್ನು ರೂಪಿಸಿದರು. ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ನೆನಪಿಗೆ ತರುವ ಗುಮ್ಮಟ, ಜೋಡಿ ಕಂಬಗಳ ಸಾಲು, ಅಮೃತಶಿಲೆಯ ಮೆಟ್ಟಿಲು ಅಲ್ಲಿವೆ. 1974ರಲ್ಲಿ ಅದು ಹೋಟೆಲಾಯಿತು. ನಾಡಿನ ಐಷಾರಾಮಿ ಹೋಟೆಲುಗಳ ಮಾತು ಬಂದಾಗ ಇಂದಿಗೂ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಅದೊಂದು. ಬೆಂಗಳೂರಿಗೆ 1887ರಿಂದ ವೆಸ್ಟ್ ಎಂಡ್ ಇದೆ. ದಂಡಿನ ಪ್ರದೇಶ, ಕೋಟೆ, ಕಚೇರಿಗಳ ಊರಾದ ನಮ್ಮ ಬೆಳಗಾವಿಗೆ ಅಂಥ ಅರಮನೆ ಹೋಟೆಲಿನ ಭಾಗ್ಯ ಬರಲಿಲ್ಲ. 1924ರ ಅಧಿವೇಶನಕ್ಕೆಂದು ಬೆಳಗಾವಿ ಕಟ್ಟಿದ ಅತಿಥಿಗೃಹ ಬಿದಿರು, ಬಟ್ಟೆ, ಹಗ್ಗಗಳದು. ಕೆಲವೇ ದಿನ ನಿಂತು ಬಿಚ್ಚಿಹೋದದ್ದು. ಅದರ ಹೆಸರು ವಿಜಯನಗರ. ಅಂದವೂ ಅನುಕೂಲವೂ ಒಂದೇ ಕಡೆ ಕೂಡಿದ ವಸತಿಯನ್ನು ಈ ಊರು ಕಟ್ಟಿದ್ದರೆ ಅದು ಇದೇ ಎಂದು ನಾನು ನಂಬಿದ್ದೇನೆ.

ಅತಿಥಿ ಸತ್ಕಾರ ಈ ಊರಿಗೆ ಆಗ ಹೊಸದೇನಾಗಿರಲಿಲ್ಲ. 1892ರ ಅಕ್ಟೋಬರಿನಲ್ಲಿ ಕೊಲ್ಲಾಪುರದ ಕಡೆಯಿಂದ ಪರಿಚಯ ಪತ್ರ ಹಿಡಿದು ಬಂದ ಒಬ್ಬ ತರುಣ ಸನ್ಯಾಸಿ ವಕೀಲ ಸದಾಶಿವರಾವ್ ಭಾಟೆಯವರ ಮನೆಯಲ್ಲಿ ಇಳಿದುಕೊಂಡರು. ಅವರು ವಿವೇಕಾನಂದರು. ಷಿಕಾಗೋಗೆ ಇನ್ನೂ ಹತ್ತಿರ ಹತ್ತಿರ ಒಂದು ವರ್ಷವಿತ್ತು. ಊಟವಾದ ಮೇಲೆ ಸ್ವಾಮಿಗಳು ಎಲೆಯಡಿಕೆ ಕೇಳಿದರು, ಆಮೇಲೆ ತಂಬಾಕನ್ನೂ ಕೇಳಿದರು. ಮನೆಯವರಿಗೆ ಗಾಬರಿ. ಸನ್ಯಾಸಿ ಎಂದರೆ ಹೀಗಿರಬೇಕು ಎಂಬ ಅವರ ಲೆಕ್ಕ ತಪ್ಪಿತ್ತು. ಆದರೂ ಕೇಳಿದ್ದನ್ನು ಕೊಟ್ಟರು. ಅದೇ ಊರಿನಲ್ಲಿದ್ದ ಅರಣ್ಯಾಧಿಕಾರಿ ಹರಿಪದ ಮಿತ್ರರು ಮೊದಲು ಸನ್ಯಾಸಿಯನ್ನು ಅನುಮಾನದಿಂದಲೇ ನೋಡಿದವರು. ಮಾತಿಗಿಳಿದ ಮೇಲೆ ತಮ್ಮ ಮನೆಗೇ ಬಂದುಬಿಡಿ ಎಂದು ಒತ್ತಾಯಿಸಿದರು. ತಮ್ಮವನೊಬ್ಬ ಬಂಗಾಳಿ ಸಿಕ್ಕನೆಂದು ಕೂಡಲೇ ಎದ್ದು ಹೋದರೆ ಇಟ್ಟುಕೊಂಡ ಮನೆಯವರಿಗೆ ನೋವಾದೀತು ಎಂದು ಸ್ವಾಮಿಗಳು ಹಿಂಜರಿದರು. ಆತಿಥ್ಯಕ್ಕೆ ಅತಿಥಿಯ ಕಡೆಯಿಂದಲೂ ಒಂದು ಕರ್ತವ್ಯವಿದೆ ಎಂದು ತಿಳಿದವರ ನಡತೆ ಅದು. ಕೊನೆಗೆ ಹರಿಪದರ ಮನೆಯಲ್ಲೂ ಕೆಲವು ದಿನ ಇದ್ದು, ಗೋವೆಯ ಕಡೆಗೆ ರೈಲು ಹತ್ತಿದರು. ಖಾನಾಪುರದ ಕಾಡು ಹಾದು, ಲೋಂಡಾದಲ್ಲಿ ತಿರುಗಿ, ಕ್ಯಾಸಲ್‌ರಾಕ್ ಘಟ್ಟ ಇಳಿಯುವ ದಾರಿ. ಕೋಟೆಯೊಳಗಿನ ಆ ಮನೆ ಇಂದು ರಾಮಕೃಷ್ಣ ಮಿಷನ್ನಿನ ಆಶ್ರಮದ ಭಾಗ.

1916ರ ಏಪ್ರಿಲಿನಲ್ಲಿ ಟಿಳಕರು ಹೋಮ್ ರೂಲ್ ಲೀಗನ್ನು ಹುಟ್ಟುಹಾಕಿದ್ದೂ ಬೆಳಗಾವಿಯಲ್ಲೇ. ಆಗ ನಡೆದ ಪ್ರಾಂತಿಕ ಪರಿಷತ್ತಿಗೆ ಗಾಂಧೀಜಿಯೂ ಬಂದಿದ್ದರು. ಆದರೆ ಅವೆಲ್ಲ ಒಂದೆರಡು ಮನೆಗಳು, ಒಂದಿಷ್ಟು ಬಿಡಾರಗಳು ಹೊರಬಹುದಾದ ಭಾರ. ಇಡೀ ದೇಶವೇ ಬಂದಿಳಿಯುವ ಅಧಿವೇಶನದ ಭಾರವನ್ನು ಹೊತ್ತುಕೊಳ್ಳಲು ಒಬ್ಬ ಛಲಗಾರ ಬೇಕಿತ್ತು. ಹುದಲಿಯ ದೇಶಪಾಂಡೆ ಗಂಗಾಧರರಾಯರು ಅಂಥವರು. ಟಿಳಕರ ಶಿಷ್ಯರು, ಮುಂದೆ ಗಾಂಧೀಜಿಯ ಅನುಯಾಯಿ, ‘ಕರ್ನಾಟಕ ಸಿಂಹ’ ಎಂದು ಜನ ಕರೆದವರು. ಸ್ವಾಗತ ಸಮಿತಿಯ ಅಧ್ಯಕ್ಷತೆ ಅವರದಾಯಿತು. ಕನ್ನಡದ ನೆಲ ಆಗ ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಬೆಳಗಾವಿಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಬೀದಿಯಲ್ಲಿ ಮಾತಾಡುತ್ತಿದ್ದವು. ಅಂಥ ಊರಿನ ಪಕ್ಕದ ಬಯಲಿಗೆ ಹಂಪಿಯ ಹೆಸರಿಟ್ಟದ್ದು ಸುಮ್ಮನೆ ಅಲಂಕಾರಕ್ಕಲ್ಲ. ಚದುರಿದವರಿಗೆ ಒಂದು ಕಾಲದ ರಾಜಧಾನಿಯನ್ನು ನೆನಪಿಸಿ ಅದರ ಬಾಗಿಲಲ್ಲೇ ಅತಿಥಿಗಳನ್ನು ಬರಮಾಡಿಕೊಳ್ಳುವ ಹವಣಿಕೆ ಅದರಲ್ಲಿತ್ತು.

ಬಾಗಿಲು ನಿಜಕ್ಕೂ ಹಂಪಿಯದೇ. ಪ್ರವೇಶದಲ್ಲಿ ವಿರೂಪಾಕ್ಷ ಗುಡಿಯ ಗೋಪುರವನ್ನು ಹೋಲುವ 70 ಅಡಿ ಎತ್ತರದ ಗೋಪುರ ನಿಲ್ಲಿಸಿದ್ದರು. ಅದರಾಚೆ ಸಭಾಮಂಟಪ, ಪ್ರತಿನಿಧಿಗಳ ಬಿಡಾರಗಳು, ಅಡುಗೆಮನೆ, ಊಟದ ಚಪ್ಪರ, ಖಾದಿ ಪ್ರದರ್ಶನ. ಮಂಟಪಕ್ಕೆ ತಂದ ದೊಡ್ಡ ಡೇರೆಗೆ ಬೆಂಕಿ ವಿಮೆಯನ್ನೂ ಮಾಡಿಸಿದ್ದರು. ಒಣ ಬಿದಿರು, ಬಟ್ಟೆ, ರಾತ್ರಿಯ ದೀಪಗಳು ಒಟ್ಟಿಗಿರುವ ಕಡೆ ಅದು ಬುದ್ಧಿವಂತಿಕೆಯ ಖರ್ಚು. ಅತಿಥಿಗಳು ಊರಿನ ನಿಲ್ದಾಣದಲ್ಲಿ ಇಳಿದು ಗಂಟು ಮೂಟೆ ಹೊತ್ತು ಅಲೆಯಬಾರದೆಂದು ಅಧಿವೇಶನದ ಬದಿಗೇ ತಾತ್ಕಾಲಿಕ ರೈಲು ನಿಲ್ದಾಣವೂ ಆಯಿತು. ಹುಬ್ಬಳ್ಳಿ ಧಾರವಾಡದ ಕಡೆಯವರು ಅಳ್ನಾವರ, ಲೋಂಡಾ, ಖಾನಾಪುರ, ದೇಸೂರು ದಾಟಿ ಬರಬೇಕಿತ್ತು. ಆಗಿನ ಸಣ್ಣ ಗೇಜಿನ ಗಾಡಿ, ಡಿಸೆಂಬರಿನ ಚಳಿ, ಕಿಟಕಿಯಿಂದ ಒಳನುಗ್ಗುವ ಘಟ್ಟದ ಗಾಳಿ. ಮಲಪ್ರಭೆಯ ದಡದ ಖಾನಾಪುರ ಬಂತೆಂದರೆ ಕಾಡು ಹಿಂದಾಗಿ ಬಯಲು ತೆರೆದುಕೊಳ್ಳುತ್ತದೆ. ಇಂದಿಗೂ ಆ ದಾರಿಯಲ್ಲಿ ಬರುವವರು ಅಲ್ಲಿಗೆ ಹಾಸಿಗೆ ಸುತ್ತಿ ಸಿದ್ಧರಾಗುತ್ತಾರೆ.

ನೀರಿನ ಮಾತಿಗೆ ಮತ್ತೆ ಬರಬೇಕು. ಡಿಸೆಂಬರಿನಲ್ಲಿ ಬೆಳಗಾವಿಯ ಕೆರೆ ಬಾವಿಗಳು ಬತ್ತುವುದಿಲ್ಲ ನಿಜ, ಆದರೆ ಇದ್ದಕ್ಕಿದ್ದಂತೆ ಒಂದು ಊರಿನ ಮಗ್ಗುಲಿಗೆ ಇನ್ನೊಂದು ಊರು ಎದ್ದು ನಿಂತರೆ ಇದ್ದ ನೀರು ಎಷ್ಟು ದಿನ? ಬೇರೆಲ್ಲಿಂದಲೋ ಗಾಡಿಗಳಲ್ಲಿ ತರಿಸಿ ಎಂಟು ದಿನ ನೂಕಿಬಿಡಬಹುದಿತ್ತು. ಗಂಗಾಧರರಾಯರ ಬಳಗ ಬಾವಿಯನ್ನೇ ತೋಡಿಸಿತು. ಡೇರೆಗಳು ಹೋದವು, ಗೋಪುರ ಹೋಯಿತು, ನಿಲ್ದಾಣ ಹೋಯಿತು. ಬಾವಿ ಉಳಿದು ಮುಂದೆ ಬಹುಕಾಲ ಊರಿನ ದಕ್ಷಿಣ ಭಾಗದ ಮನೆಗಳಿಗೆ ನೀರು ಕೊಟ್ಟಿತು. ಅತಿಥಿಗೆಂದು ಮಾಡಿದ ಖರ್ಚು ಆತಿಥೇಯರ ಮೊಮ್ಮಕ್ಕಳ ಕೊಡ ತುಂಬಿಸಿದ್ದನ್ನು ನೋಡಿದರೆ ಆ 4,370 ರೂಪಾಯಿ ಎಷ್ಟು ದೂರ ನೋಡಿದ ಹಣ ಎಂದು ತಿಳಿಯುತ್ತದೆ.

ಯಾವ ಹೋಟೆಲಿನಲ್ಲೂ ಅತಿಥಿ ಕಾಣದ, ಕಾಣಬಾರದ ಒಂದು ವಿಭಾಗವಿರುತ್ತದೆ. ಕಕ್ಕಸು, ಕಸ, ಮುಸುರೆ. ಎಲ್ಲ ಸೌಕರ್ಯವೂ ಅಲ್ಲಿ ಗೆಲ್ಲುತ್ತದೆ ಅಥವಾ ಸೋಲುತ್ತದೆ. 1901ರ ಕಲ್ಕತ್ತಾ ಅಧಿವೇಶನದಲ್ಲಿ ಹೊಲಸು ಕಂಡು ತಾವೇ ಪೊರಕೆ ಹಿಡಿದವರು ಗಾಂಧೀಜಿ. ಅವರೇ ಅಧ್ಯಕ್ಷರಾಗುವ ಕಡೆ ಈ ಕೆಲಸ ಯಾರ ಪಾಲಿಗೆ ಬರಬೇಕು? ಬೆಳಗಾವಿಯ ಸೀಮೆಯಲ್ಲೇ ಬೆಳೆದ ಕಾಕಾಸಾಹೇಬ ಕಾಲೇಲ್ಕರರು ಶುಚಿತ್ವದ ಹೊಣೆ ಹೊತ್ತರು. ಅವರ ತಂಡದಲ್ಲಿ ಬ್ರಾಹ್ಮಣ ತರುಣರೂ ಇದ್ದರು. ತಲೆತಲಾಂತರದಿಂದ ಒಂದೇ ಜಾತಿಯ ಬೆನ್ನಿಗೆ ಹೇರಿದ್ದ ಕೆಲಸವನ್ನು ಮಡಿಯ ಮನೆಗಳಿಂದ ಬಂದವರು ಊರೆದುರಿಗೆ ಮಾಡಿದರು. 1924ರಲ್ಲಿ ಇದು ಸಣ್ಣ ಸಂಗತಿ ಎನ್ನುವವರು ಆ ಕಾಲದ ಮನೆಗಳ ಹಿತ್ತಿಲನ್ನು ಕಂಡವರಲ್ಲ. ಅಲ್ಲಿ ಆದ ಭಾಷಣಗಳಿಗಿಂತ ಈ ಕೆಲಸ ನನಗೆ ಹೆಚ್ಚಿನದಾಗಿ ಕಾಣುತ್ತದೆ.

ಸ್ವಯಂಸೇವಕರ ದಂಡು ಡಾ. ನಾ. ಸು. ಹರ್ಡೀಕರರದು. ಹಿಂದಿನ ವರ್ಷ ಕಾಕಿನಾಡದಲ್ಲಿ ಹುಟ್ಟಿದ ಹಿಂದುಸ್ತಾನಿ ಸೇವಾದಳಕ್ಕೆ ಬೆಳಗಾವಿ ದೊಡ್ಡ ಪರೀಕ್ಷೆ. ದಾರಿ ತೋರಿಸುವುದು, ಸಾಮಾನು ಕಾಯುವುದು, ಸಾಲು ನಿಲ್ಲಿಸುವುದು, ಪಂಕ್ತಿಯಲ್ಲಿ ಬಡಿಸುವುದು, ರಾತ್ರಿ ಪಹರೆ, ಎಲ್ಲಕ್ಕೂ ಶಿಸ್ತಿನ ತರಬೇತಿ. ಹುಬ್ಬಳ್ಳಿಯಿಂದ ಉಮಾಬಾಯಿ ಕುಂದಾಪುರ ಅವರು ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಎಳೆಯ ವಯಸ್ಸಿಗೇ ವಿಧವೆಯಾದ ಆಕೆ ಮನೆ ಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದರು. ಅವರು ಕರೆತಂದವರಲ್ಲಿ ವಿಧವೆಯರೂ ಇದ್ದರು. ಮದುವೆ ಮನೆಯ ಬಾಗಿಲಿಗೂ ಬಾರದಂತೆ ಸಮಾಜ ದೂರ ಇಟ್ಟಿದ್ದ ಹೆಣ್ಣುಮಕ್ಕಳು ಇಲ್ಲಿ ದೇಶದ ಅತಿಥಿಗಳನ್ನು ಎದುರುಗೊಂಡರು. ಸ್ವಾಗತ ಎಂಬ ಕೆಲಸಕ್ಕೆ ಯಾರು ಶುಭ, ಯಾರು ಅಶುಭ ಎಂಬ ಹಳೆಯ ಕಟ್ಟಳೆ ವಿಜಯನಗರದ ಬಾಗಿಲಲ್ಲಿ ಮುರಿದುಬಿತ್ತು.

ಮುಖ್ಯ ಅತಿಥಿ ಡಿಸೆಂಬರ್ 20ಕ್ಕೇ ಬಂದರು. ದೇಹ ಬಳಲಿತ್ತು. ಆ ವರ್ಷದ ಆರಂಭದಲ್ಲಿ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಹಿಂದೂ ಮುಸ್ಲಿಂ ಐಕ್ಯಕ್ಕಾಗಿ 21 ದಿನದ ಉಪವಾಸ. ಅಂಥವರನ್ನು ಚಳಿಯಲ್ಲಿ ಹೇಗೆ ಇಟ್ಟುಕೊಳ್ಳುವುದು ಎಂಬ ಚಿಂತೆ ಆತಿಥೇಯರಿಗೆ ಸಹಜ. ಬಿದಿರಿನ ಕುಟೀರ ಕಟ್ಟಿ ಖಾದಿ ಹೊದಿಸಿದರು. ಖರ್ಚು 350 ರೂಪಾಯಿ. ‘ಖಾದಿ ಅರಮನೆ’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಇಷ್ಟೊಂದು ವೆಚ್ಚ ಗಾಂಧೀಜಿಗೆ ಹಿಡಿಸಲಿಲ್ಲ. ಅವರು ಕೇಳಿದ್ದು ಸಾದಾ ಗುಡಿಸಲು.

ಈ ಪ್ರಸಂಗದಲ್ಲಿ ನಾನು ಇಬ್ಬರ ಪರವೂ ಇದ್ದೇನೆ. ಬಡ ದೇಶದ ಪ್ರತಿನಿಧಿ ಬಡವನ ಹಾಗೆ ಇರಬೇಕೆಂಬ ಗಾಂಧೀಜಿಯ ಹಟವಿಲ್ಲದೆ ಆ ಚಳವಳಿಯೇ ಇಲ್ಲ. ಆದರೆ ಕುಟೀರ ಕಟ್ಟಿದ ಕೈಗಳನ್ನೂ ನೆನೆಯಬೇಕು. ಇಪ್ಪತ್ತೊಂದು ದಿನ ಉಪವಾಸವಿದ್ದು ಬಂದ ಹಿರಿಯರಿಗೆ ಗಾಳಿ ತಾಗದಂತೆ ಗೋಡೆ ದಪ್ಪ ಮಾಡಬೇಕು, ನೆಲ ಬೆಚ್ಚಗಿರಬೇಕು, ಓದಲು ಬರೆಯಲು ಬೆಳಕಿರಬೇಕು ಎಂದುಕೊಂಡವರ ಅಂತಃಕರಣದಲ್ಲಿ ತಪ್ಪೇನಿದೆ? ಉತ್ತರ ಕರ್ನಾಟಕದ ಯಾವ ಮನೆಯೂ ಬಂದ ಬೀಗರಿಗೆ ‘ಇದ್ದಷ್ಟರಲ್ಲೇ ಇರಿ’ ಎನ್ನುವುದಿಲ್ಲ. ಗಾಂಧೀಜಿ ಅಧಿವೇಶನದ ಬಳಿಕ ವ್ಯವಸ್ಥೆಯನ್ನು ಮನಸಾರೆ ಹೊಗಳಿದರು. ಖರ್ಚು ಇನ್ನೂ ಇಳಿಯಬೇಕು ಎಂದರು. ಪ್ರತಿನಿಧಿಗಳ ಹತ್ತು ರೂಪಾಯಿ ಶುಲ್ಕವನ್ನು ಒಂದು ರೂಪಾಯಿಗೆ ತರಬೇಕೆಂದು ಸೂಚಿಸಿದರು. ಬಿಲ್ಲು ನೋಡಿ ಕೋಪಗೊಂಡ ಗಿರಾಕಿಯ ಮಾತಲ್ಲ ಅದು. ಹತ್ತು ರೂಪಾಯಿ ಇಲ್ಲದ ರೈತನೂ ಮುಂದಿನ ಸಲ ಬರುವಂತಾಗಲಿ ಎಂಬ ಕಾಳಜಿ. ಎಲ್ಲ ಮುಗಿದು ಲೆಕ್ಕ ಕೂಡಿಸಿದಾಗ 773 ರೂಪಾಯಿ ಉಳಿದಿತ್ತು. ಅದರಲ್ಲಿ 745 ರೂಪಾಯಿ ಖಾದಿ ಮಂಡಳಿಗೆ ಹೋಯಿತು. ಇಂಥ ದೊಡ್ಡ ಸಮಾರಂಭ ಸಾಲವಿಲ್ಲದೆ ಮುಗಿಯುವುದೇ ಅಪರೂಪ, ಇಲ್ಲಿ ಹಣ ಮಿಕ್ಕಿತು.

ಡಿಸೆಂಬರ್ 26 ಮತ್ತು 27, ಎರಡೇ ದಿನದಲ್ಲಿ ಮುಖ್ಯ ಕಲಾಪ ಮುಗಿಯಿತು. ಮೋತಿಲಾಲ್ ನೆಹರು, ಚಿತ್ತರಂಜನ ದಾಸ್, ಜವಾಹರಲಾಲ್, ಮೌಲಾನಾ ಮಹಮದ್ ಅಲಿ, ಸರೋಜಿನಿ ನಾಯ್ಡು ಎಲ್ಲರೂ ಬಂದಿದ್ದರು.  ಖಿಲಾಫತ್ ಪರಿಷತ್ತು, ಗೋರಕ್ಷಣೆಯ ಪರಿಷತ್ತು, ಅಸ್ಪೃಶ್ಯತಾ ನಿವಾರಣೆಯ ಸಭೆ, ಹೀಗೆ ಒಂದೇ ಚಪ್ಪರದ ನೆರಳಿನಲ್ಲಿ ಹತ್ತು ವಿಚಾರಗಳು ಸೇರಿದವು. ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತು ನಡೆದದ್ದೂ ಅಲ್ಲೇ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಆ ಅಧಿವೇಶನದಲ್ಲಿ ಮೊಳಗಿ ಮುಂದೆ ಏಕೀಕರಣದ ಹಾಡಾಯಿತು.

ಸಂಗೀತವೂ ಇತ್ತು. ಮೈಸೂರಿನ ವೀಣೆ ಶೇಷಣ್ಣನವರು ಬಂದು ನುಡಿಸಿದರು. ಇಳಿವಯಸ್ಸಿನ ಆ ವೈಣಿಕರು ಅರಮನೆಯ ದರ್ಬಾರುಗಳಲ್ಲಿ ನುಡಿಸಿದ ಬೆರಳುಗಳನ್ನು ಬಿದಿರ ಚಪ್ಪರದ ಕೆಳಗೆ, ನೆಲದ ಮೇಲೆ ಕೂತ ಜನರೆದುರು ಆಡಿಸಿದರು.

ಸ್ವಾಗತ ಗೀತೆ ಹಾಡಿದ ಶಾಲಾ ಹುಡುಗಿಯರ ಸಾಲಿನಲ್ಲಿ ಧಾರವಾಡದ ಹನ್ನೊಂದು ವರ್ಷದ ಒಬ್ಬ ಬಾಲಕಿ ಇದ್ದಳು. ಗಾಯಕಿ ಅಂಬಾಬಾಯಿಯ ಮಗಳು ಗಂಗೂ. ಮುಂದೆ ಗಂಗೂಬಾಯಿ ಹಾನಗಲ್ ಎಂದು ದೇಶವೇ ತಲೆಬಾಗಿದವರು. ಗಾಂಧೀಜಿಯ ಎದುರು ಹಾಡಿದ ಹೆಮ್ಮೆಯ ಜೊತೆಗೆ ಇನ್ನೊಂದು ನೆನಪನ್ನೂ ಅವರು ಹಿರಿಯ ವಯಸ್ಸಿನವರೆಗೆ ಹೇಳುತ್ತಿದ್ದರು. ಊಟವಾದ ಮೇಲೆ ತಮ್ಮ ಜಾತಿ ನೋಡಿ ಎಂಜಲೆಲೆ ತೆಗೆಯಲು ಹೇಳಿಬಿಡುತ್ತಾರೇನೋ ಎಂಬ ಅಳುಕು ಆ ಹೊತ್ತಿನಲ್ಲಿ ಮನಸ್ಸನ್ನು ಕೊರೆಯುತ್ತಿತ್ತಂತೆ. ಧಾರವಾಡದಲ್ಲಿ ಮೇಲುಜಾತಿಯ ನೆರೆಹೊರೆಯ ಕಟ್ಟುಪಾಡುಗಳನ್ನು ಕಂಡ ಮಗುವಿಗೆ ಆ ಭಯ ಕಲ್ಪನೆಯದಾಗಿರಲಿಲ್ಲ.

ನಾನು ಈ ನೆನಪನ್ನು ಬಿಟ್ಟು ವಿಜಯನಗರದ ಆತಿಥ್ಯವನ್ನು ಹೊಗಳಲಾರೆ. ಒಂದು ಕಡೆ ಬ್ರಾಹ್ಮಣ ತರುಣರು ಕಕ್ಕಸು ಬಳಿಯುತ್ತಿದ್ದಾರೆ. ಇನ್ನೊಂದು ಕಡೆ ಗೋಪುರದ ಚೆಲುವು, ಪಂಕ್ತಿಯ ಅಚ್ಚುಕಟ್ಟು. ಅದೇ ಆವರಣದಲ್ಲಿ ಒಂದು ಮಗುವಿನ ಗಂಟಲಿನಲ್ಲಿ ಹಾಡೂ ಹೆದರಿಕೆಯೂ ಒಟ್ಟಿಗೆ ಇವೆ. ಎರಡೂ ನಿಜ. ಹತ್ತು ದಿನದ ಒಂದು ಊರು ಸಾವಿರ ವರ್ಷದ ಕಟ್ಟಳೆಯನ್ನು ಪೂರ್ತಿ ಅಳಿಸಬಲ್ಲದೆಂದು ಯಾರೂ ನಿರೀಕ್ಷಿಸಬೇಕಿಲ್ಲ. ಆದರೆ ಬಂದವರಲ್ಲಿ ಎಲ್ಲರಿಗಿಂತ ಸಣ್ಣವರಿಗೆ ಎಷ್ಟು ನಿರಾಳವೆನಿಸಿತು ಎಂಬುದರಿಂದಲೇ ಯಾವ ವಸತಿಯ ಘನತೆಯನ್ನಾದರೂ ಅಳೆಯಬೇಕು. ಲಲಿತಮಹಲಿಗೂ ಈ ಮಾತು ಸಲ್ಲುತ್ತದೆ, ವಿಜಯನಗರಕ್ಕೂ.

ಇಂದು ಬಾವಿಯ ಬಳಿ ವೀರಸೌಧವಿದೆ. ಗಾಂಧೀಜಿಯ ಪ್ರತಿಮೆ ಇದೆ, ಅಧಿವೇಶನದ ಫೋಟೋಗಳಿವೆ, ಮುಂದಿನ ರಸ್ತೆಗೆ ಕಾಂಗ್ರೆಸ್ ರಸ್ತೆ ಎಂದೇ ಹೆಸರು. ಶತಮಾನೋತ್ಸವದ ನೆಪದಲ್ಲಿ ಸುಣ್ಣ ಬಣ್ಣ, ದೀಪಾಲಂಕಾರ ಎಲ್ಲ ಆದವು. ನನಗೆ ಅಲ್ಲಿ ನಾಯಕರ ಸಾಲು ಫೋಟೋಗಳ ಜೊತೆ ಇನ್ನಷ್ಟು ನೋಡುವ ಆಸೆ. ಬಿಡಾರಗಳ ನಕ್ಷೆ, ಅಡುಗೆಮನೆಯ ಲೆಕ್ಕ, ಕಕ್ಕಸುಗಳ ಸಾಲು ಎಲ್ಲಿತ್ತೆಂಬ ಗುರುತು, ಉಮಾಬಾಯಿಯವರ ಜೊತೆ ಬಂದ ಹೆಣ್ಣುಮಕ್ಕಳ ಹೆಸರುಗಳು. ಗಂಗೂಬಾಯಿಯವರ ಆ ನೆನಪನ್ನು ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಗೋಡೆಯ ಮೇಲೆ ಬರೆಸಬೇಕು. ಪ್ರತಿ ಚಳಿಗಾಲ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಸರಕಾರವೇ ಬೆಂಗಳೂರಿನಿಂದ ಇಲ್ಲಿಗೆ ಬಂದಿಳಿಯುತ್ತದೆ. ಊರಿನ ಹೋಟೆಲು ಲಾಡ್ಜುಗಳ ಕೋಣೆಗಳು ಮುಂಗಡವಾಗಿಯೇ ಗೊತ್ತಾಗಿರುತ್ತವೆ. ಚಳುವಳಿಗೆಂದು ಖಾನಾಪುರ, ರಾಮದುರ್ಗ, ಸವದತ್ತಿಯ ಕಡೆಯಿಂದ ಬರುವ ರೈತರು, ಅಂಗನವಾಡಿಯ ಹೆಣ್ಣುಮಕ್ಕಳು ಬಯಲಿನ ಡೇರೆಗಳಲ್ಲಿ ರಾತ್ರಿ ಕಳೆಯುತ್ತಾರೆ. ಅವರಿಗೆ ಕುಡಿಯುವ ನೀರು, ಬೆಚ್ಚಗಿನ ಮರೆ, ಶುಚಿಯಾದ ಕಕ್ಕಸು ಒದಗಿಸುವ ಹೊಣೆ ಹೊತ್ತ ಅಧಿಕಾರಿಗಳು ಅಧಿವೇಶನಕ್ಕೆ ಮೊದಲು ಒಂದು ಗಳಿಗೆ ಈ ಬಾವಿಯ ಕಟ್ಟೆಯವರೆಗೆ ಬಂದು ಹೋದರೆ ಒಳ್ಳೆಯದು.

ಗಂಗಾಧರರಾಯರು ಇನ್ನೊಂದು ಸಲ ಗಾಂಧೀಜಿಗೆ ಆತಿಥೇಯರಾದರು. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಅವರ ಸ್ವಂತ ಊರಾದ ಹುದಲಿಯಲ್ಲಿ ನಡೆಯಿತು. ಬೇಸಗೆಯ ಬಿಸಿಲು, ಹಳ್ಳಿಯ ನೆಲ, ಗಾಂಧೀಜಿಯ ಜೊತೆ ದೇಶದ ಹಿರಿಯ ಕಾರ್ಯಕರ್ತರು. ಈ ಸಲ ಗೋಪುರವಿಲ್ಲ, ವಿಜಯನಗರವಿಲ್ಲ, ಹುದಲಿಗೆ ಹುದಲಿಯೇ ಹೆಸರು. ಅಲ್ಲಿ ಗಂಗಾಧರರಾಯರು ನೆಟ್ಟ ಖಾದಿಯ ಕೆಲಸ ಇನ್ನೂ ನಡೆಯುತ್ತಿದೆ, ಹುದಲಿಯ ಸುತ್ತಿನ ಹೆಣ್ಣುಮಕ್ಕಳು ಇಂದಿಗೂ ನೂಲು ತೆಗೆಯುತ್ತಾರೆ.